ಬೇಲೂರಿನಿಂದಾಚೆ ನಿನ್ನ ಪಾಲು

ಸಿಂಧಘಟ್ಟ
18 ಜನವರಿ 2026, ಭಾನುವಾರ

ಪ್ರೀತಿಯ ಪುಟ್ಟಿಗೆ,

ಚಳಿಗೆ ಅವ್ವನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಊಟ ನಿದ್ದೆಗೇನೂ ತೊಂದರೆಯಿಲ್ಲ. ಇವತ್ತು ಅಮಾವಾಸ್ಯೆ. ನಿನ್ನ ಭಾವ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದಾರೆ. ಅವ್ವ ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ. ಫೋನಿನಲ್ಲಿ ಹೇಳಹೋದರೆ ನೀನು ‘ನೋಡೋಣಕ್ಕ’ ಅನ್ನುತ್ತೀಯ, ನಾನು ‘ಆಯ್ತು ಕಣೇ’ ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಹದಿನೈದು ದಿನದಿಂದ ಹೀಗೇ ಆಗಿದೆ. ಅದಕ್ಕೇ ಕಾಗದ ಬರೆಯಲು ಕೂತೆ.

ಶಿವರಾತ್ರಿ ಫೆಬ್ರವರಿ 15ಕ್ಕೆ. ಇವತ್ತಿಗೆ ಸರಿಯಾಗಿ ನಾಲ್ಕು ವಾರ. ಬೇಲೂರಿನಿಂದ ಧರ್ಮಸ್ಥಳದವರೆಗೆ ನಮಗೆ ಉಳಿದಿರುವ ದಾರಿ ನೂರು ಕಿಲೋಮೀಟರಿಗೆ ಅತ್ತಿತ್ತ. ಅಷ್ಟನ್ನೂ ನೀನು ನಮ್ಮ ಜೊತೆ ನಡೆಯಬೇಕು. ಕೇಳಬೇಕಾದದ್ದು ಇಷ್ಟೇ. ಆದರೆ ಯಾಕೆ, ಹೇಗೆ ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ನಮ್ಮ ಸೀಮೆಯಿಂದ ಶಿವರಾತ್ರಿಗೆ ಮಂಜುನಾಥನ ಹತ್ತಿರಕ್ಕೆ ನಡೆದು ಹೋಗುವುದು ಹೊಸದಲ್ಲ. ಊರ ಗಂಡಸರ ತಂಡ ಕೆ.ಆರ್. ಪೇಟೆ, ಕಿಕ್ಕೇರಿ, ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ಅಂತ ಒಂದೇ ಬೀಸಿಗೆ ನಡೆದುಬಿಡುತ್ತದೆ. ಕರೆಯುವ ಹಸು ಕಟ್ಟಿಕೊಂಡ ಹೆಂಗಸರು ಹಾಗೆ ಅಷ್ಟು ದಿನ ಮನೆ ಬಿಟ್ಟು ಏಳುವುದು ಸಾಧ್ಯವೇ? ನನಗೋ ಶಾಲೆ. 2023ರ ಕಾರ್ತಿಕದಲ್ಲಿ ಸಂಘದ ಸಭೆ ಮುಗಿಸಿ ಲಕ್ಷ್ಮೀನಾರಾಯಣ ಗುಡಿಯ ಹತ್ತಿರ ಕೂತಿದ್ದಾಗ ನಾನೇ ಮಾತು ತೆಗೆದೆ. ಸಾಲವನ್ನು ಕಂತಿನಲ್ಲಿ ತೀರಿಸುವ ನಾವು ಹರಕೆಯನ್ನೂ ಕಂತಿನಲ್ಲಿ ಯಾಕೆ ತೀರಿಸಬಾರದು, ವರ್ಷಕ್ಕೊಂದಿಷ್ಟು ದಾರಿ ನಡೆಯೋಣ, ಮೂರು ವರ್ಷಕ್ಕೆ ಮುಟ್ಟೋಣ ಅಂದೆ. ಯಾರೂ ನಗಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇದ್ದಿರಬೇಕು.

2024ರ ಶಿವರಾತ್ರಿಗೆ ಊರಿಂದ ಚನ್ನರಾಯಪಟ್ಟಣದವರೆಗೆ ಆಯಿತು. ಹೋದ ವರ್ಷ ಅಲ್ಲಿಂದ ಶಾಂತಿಗ್ರಾಮ, ಹಾಸನ ದಾಟಿ ಬೇಲೂರು. ನಾವು ಒಂದೇ ಒಂದು ಕಟ್ಟಳೆ ಇಟ್ಟುಕೊಂಡಿದ್ದೇವೆ. ಎಲ್ಲಿ ನಿಲ್ಲಿಸಿದೆವೋ ಮುಂದಿನ ವರ್ಷ ಅದೇ ಜಾಗದಿಂದ ಹೆಜ್ಜೆ ಎತ್ತಬೇಕು, ನಡುವೆ ಒಂದು ಮಾರು ಕೂಡ ಬಿಟ್ಟುಹೋಗಬಾರದು. ಚನ್ನರಾಯಪಟ್ಟಣದಲ್ಲಿ ಮೊದಲ ವರ್ಷ ಒಂದು ಎಳನೀರು ಗಾಡಿಯ ಪಕ್ಕ ನಿಲ್ಲಿಸಿದ್ದೆವು. ಮರುವರ್ಷ ಬಸ್ಸಿಳಿದು ಹೋಗಿ ನೋಡಿದರೆ ಗಾಡಿಯೇ ಇಲ್ಲ. ಬೆಳಗಿನ ಜಾವ, ಕತ್ತಲು ಬೇರೆ. ನಮ್ಮ ಪೈಕಿ ಒಬ್ಬಳು ಟಾರ್ಚ್ ಬಿಟ್ಟುಕೊಂಡು ಹೊಂಗೆಮರದ ಬುಡ ಹುಡುಕಿ, ಅದರ ಬೇರಿನ ಸಂದಿಯಲ್ಲಿ ತಾನೇ ಹಿಂದಿನ ವರ್ಷ ಸಿಕ್ಕಿಸಿಟ್ಟಿದ್ದ ಬೆಣಚುಕಲ್ಲನ್ನು ಎತ್ತಿ ತೋರಿಸಿದಳು. ಆ ಕಲ್ಲನ್ನು ಎಲ್ಲರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟೆವು. ಈ ಸಲ ಆ ಕಷ್ಟವಿಲ್ಲ. ಬೇಲೂರಿನಲ್ಲಿ ಚೆನ್ನಕೇಶವನ ಗೋಪುರದ ಮುಂದೆಯೇ ನಿಲ್ಲಿಸಿದ್ದೇವೆ.

ಅಲ್ಲಿಂದ ಬಸ್ಸು ಹತ್ತಿ ದರ್ಶನ ಮಾಡಿಕೊಂಡೇ ಬಂದುಬಿಡೋಣ ಎಂದು ಇಬ್ಬರು ಅಂದರು. ನಾನು ಒಪ್ಪಲಿಲ್ಲ. ನಡೆದು ಮುಟ್ಟುವ ತನಕ ಆ ಬಾಗಿಲು ನೋಡುವುದಿಲ್ಲ ಅಂತ ಹೊರಟವರು ನಾವು. ಹಾಸನದ ಬಸ್ಸು ಹತ್ತಿ ವಾಪಸ್ ಬಂದೆವು. ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ.

ಊರಲ್ಲಿ ಹಿರಿಯರು ಕೆಲವರಿಗೆ ಇದು ಹಿಡಿಸಿಲ್ಲ. ತುಂಡುತುಂಡಾಗಿ ನಡೆದು ನಡುವೆ ಬಸ್ಸಲ್ಲಿ ಮನೆಗೆ ಬಂದು ಉಂಡು ಮಲಗಿದರೆ ಅದು ಯಾವ ಪಾದಯಾತ್ರೆ ಅನ್ನುತ್ತಾರೆ. ನನಗೂ ಒಳಗೊಳಗೇ ಅಳುಕಿತ್ತು. ಅದನ್ನು ಕಳೆದವಳು ನಿನ್ನ ಮಗಳು. ದೀಪಾವಳಿಗೆ ಅಟ್ಲಾಂಟಾದಿಂದ ವಿಡಿಯೋ ಕಾಲ್ ಮಾಡಿದ್ದಾಗ ಹೇಳಿದೆ. ‘ದೊಡ್ಡಮ್ಮ, ಇಲ್ಲೂ ಹೀಗೇ ಮಾಡ್ತಾರೆ, ಅದಕ್ಕೆ ಸೆಕ್ಷನ್ ಹೈಕ್ ಅಂತಾನೇ ಹೆಸರಿದೆ’ ಅಂದಳು. ಅವಳಿರುವ ಜಾರ್ಜಿಯಾದಲ್ಲೇ ಅಪಲೇಚಿಯನ್ ಟ್ರೇಲ್ ಅನ್ನುವ ಕಾಲುದಾರಿ ಶುರುವಾಗುತ್ತದಂತೆ. 14 ರಾಜ್ಯ ದಾಟಿ ಮೇಯ್ನ್ ತನಕ ಸುಮಾರು 3,500 ಕಿಲೋಮೀಟರ್. ಒಂದೇ ಸಲಕ್ಕೆ ನಡೆದು ಮುಗಿಸುವವರು ಸ್ವಲ್ಪವೇ ಜನ. ಉಳಿದವರು ಪ್ರತಿ ವರ್ಷ ರಜೆ ಸಿಕ್ಕಾಗ ಒಂದೊಂದು ತುಂಡು ನಡೆಯುತ್ತಾರೆ, ಕೆಲವರಿಗೆ ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತದೆ, ಹಾಗೆ ಮುಗಿಸಿದರೂ ಪೂರ್ತಿ ನಡೆದವರೆಂದೇ ಲೆಕ್ಕ. ಸ್ಪೇನ್ ದೇಶದ ಸಂತಿಯಾಗೊ ಎಂಬ ಕ್ಷೇತ್ರದ ಕಥೆಯನ್ನೂ ಅವಳೇ ಹೇಳಿದಳು. ಅಲ್ಲಿಗೆ ಕಡೆಯ 100 ಕಿಲೋಮೀಟರ್ ನಡೆದು ಬಂದವರಿಗೂ ಯಾತ್ರೆ ಮಾಡಿದ ಪತ್ರ ಕೊಡುತ್ತಾರಂತೆ. ನೂರು ಅಂದಾಗ ನನಗೆ ಥಟ್ಟನೆ ನೀನು ನೆನಪಾದೆ. ಬೇಲೂರಿನಿಂದಾಚೆ ಉಳಿದಿರುವುದೂ ಅಷ್ಟೇ ಅಲ್ಲವೇ.

ಈಗ ಸಿದ್ಧತೆಯ ವಿಷಯ. ಇದನ್ನು ಎರಡು ಸಲ ಓದು.

ಒಟ್ಟು ಒಂಬತ್ತು ಜನ. ಆರು ಹೆಂಗಸರು, ಇಬ್ಬರು ಗಂಡಸರು, ಲಗೇಜ್ ಗಾಡಿ ಓಡಿಸುವ ಹುಡುಗ ಒಬ್ಬ. ಟಾಟಾ ಏಸ್‌ನಲ್ಲಿ ಒಲೆ, ಸಿಲಿಂಡರ್, ಪಾತ್ರೆ, ಹಾಸಿಗೆ ಎಲ್ಲ ಹೋಗುತ್ತದೆ. ಬೆನ್ನ ಮೇಲೆ ಹೊರುವುದು ಒಂದು ಲೀಟರ್ ನೀರು, ಒಂದು ಟವೆಲ್, ತಿನ್ನುವ ಪುಟ್ಟ ಗಂಟು ಮಾತ್ರ. ತಲಾ ಎರಡು ಸಾವಿರ ಹಾಕಿದ್ದೇವೆ, ನಿನ್ನದನ್ನು ನಾನು ಕೊಟ್ಟಾಗಿದೆ, ಅದರ ಮಾತು ಎತ್ತಬೇಡ. ಫೆಬ್ರವರಿ 9ರ ಸೋಮವಾರ ಇಲ್ಲಿಂದ ಗಾಡಿಯಲ್ಲಿ ಬೇಲೂರಿಗೆ ಹೋಗಿ ಮಲಗುವುದು. 10ರ ಬೆಳಿಗ್ಗೆ ನಡಿಗೆ. ಮೂಡಿಗೆರೆ ಮುಟ್ಟಲು ಎರಡು ದಿನ, ಕೊಟ್ಟಿಗೆಹಾರಕ್ಕೆ ಒಂದು, ಘಾಟಿ ಇಳಿದು ಚಾರ್ಮಾಡಿಗೆ ಒಂದು, ಐದನೆಯ ದಿನ ಕಕ್ಕಿಂಜೆ, ಮುಂಡಾಜೆ ಮೇಲೆ ಉಜಿರೆ. ಅಲ್ಲಿಂದ ಧರ್ಮಸ್ಥಳಕ್ಕೆ 9 ಕಿಲೋಮೀಟರ್. ಅಷ್ಟನ್ನು ಶಿವರಾತ್ರಿಯ ಬೆಳಿಗ್ಗೆಗೆ ಉಳಿಸಿಕೊಂಡಿದ್ದೇವೆ. ಉಪವಾಸದ ಹೊಟ್ಟೆಯಲ್ಲಿ ನಡೆದು, ದಾರಿಯಲ್ಲೇ ಸಿಗುವ ನೇತ್ರಾವತಿಯಲ್ಲಿ ಮುಳುಗೆದ್ದು ಮೇಲೆ ಹೋಗುವುದು.

ಕಾಲಿನ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ನಾನು ಹೊಸ ಶೂ ಹಾಕಿಕೊಂಡು ಹೊರಟೆ. ಕಿಕ್ಕೇರಿ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಬಂತು. ಬೆಳಗೊಳದಲ್ಲಿ ಸಾಕ್ಸ್ ಕಳಚಿದರೆ ಚರ್ಮವೂ ಅದರ ಜೊತೆಗೇ ಬಂತು. ನೀನು ಶೂ ಕೊಳ್ಳುವುದಿದ್ದರೆ ನಾಳೆಯೇ ಹೋಗಿ ಕೊಂಡುಕೋ. ಸಂಜೆ ಹೊತ್ತು ಹೋಗು, ಆಗ ಕಾಲು ಕೊಂಚ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಅಂಗುಲ ಜಾಗ ಇರಲಿ. ಮೂರು ವಾರ ಅದನ್ನೇ ಹಾಕಿಕೊಂಡು ತರಕಾರಿಗೆ, ಬ್ಯಾಂಕಿಗೆ, ಎಲ್ಲ ಕಡೆಗೂ ಓಡಾಡು. ಹೊರಡುವ ದಿನದ ಹೊತ್ತಿಗೆ ಅದು ಹಳೆಯದಾಗಿರಬೇಕು. ನಡೆಯುವಾಗ ಬೊಬ್ಬೆ ಏಕಾಏಕಿ ಬರುವುದಿಲ್ಲ. ಮೊದಲು ಒಂದು ಕಡೆ ಬೆಚ್ಚಗಾಗುತ್ತದೆ, ಒಲೆಯ ಪಕ್ಕ ಕಾಲಿಟ್ಟ ಹಾಗೆ. ಆ ಕಾವು ಗೊತ್ತಾದ ಕೂಡಲೇ ನಿಲ್ಲಬೇಕು. ನಾಚಿಕೆಪಡದೆ ರಸ್ತೆ ಪಕ್ಕ ಕೂತು, ಶೂ ಬಿಚ್ಚಿ, ಬೆವರು ಒರೆಸಿ, ಆ ಜಾಗಕ್ಕೆ ಪ್ಲಾಸ್ಟರ್ ಸುತ್ತಿ, ಒಣಗಿದ ಸಾಕ್ಸ್ ಹಾಕಿಕೊಂಡು ಏಳಬೇಕು. ಒಬ್ಬರು ಕೂತರೆ ಎಲ್ಲರೂ ಕೂರುತ್ತೇವೆ. ಅಕಸ್ಮಾತ್ ಬೊಬ್ಬೆ ಎದ್ದೇಬಿಟ್ಟರೆ ಚರ್ಮ ಕೀಳಬಾರದು. ಸೂಜಿಯನ್ನು ಬೆಂಕಿಗೆ ಹಿಡಿದು ಆರಿಸಿ, ಬೊಬ್ಬೆಯ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮವನ್ನು ಹಾಗೇ ಬಿಟ್ಟು ಪಟ್ಟಿ ಹಾಕಬೇಕು. ರಾತ್ರಿ ಬೆರಳ ಸಂದಿಗೆಲ್ಲ ಕೊಬ್ಬರಿ ಎಣ್ಣೆ ತೀಡಿ, ಕಾಲು ಗೋಡೆಗೆ ಎತ್ತಿಟ್ಟು ಕಾಲು ಗಂಟೆ ಮಲಗಬೇಕು. ಇಷ್ಟು ಮಾಡಿದ್ದಕ್ಕೆ ಹೋದ ವರ್ಷ ನನಗೆ ಒಂದೂ ಬೊಬ್ಬೆ ಬರಲಿಲ್ಲ.

ಇದಕ್ಕಿಂತ ದೊಡ್ಡದು ನೀರಿನ ವಿಷಯ. ಹೋದ ವರ್ಷ ಹಾಸನ ಇನ್ನೂ ಒಂದು ಗಳಿಗೆ ದಾರಿ ಇದೆ ಅನ್ನುವಾಗ ನಮ್ಮ ಒಬ್ಬ ಹೆಣ್ಣುಮಗಳು ಹೆದ್ದಾರಿಯ ಪಕ್ಕ ಕುಸಿದು ಬಿದ್ದಳು. ತುಟಿ ಒಣಗಿತ್ತು, ಕಣ್ಣು ಮೇಲೆ ಹೋಗಿತ್ತು. ಬಿಸಿಲು ಅಂದುಕೊಂಡೆವು. ನೆರಳಿಗೆ ತಂದು ಮುಖಕ್ಕೆ ನೀರು ಹಾಕಿ ಕೇಳಿದರೆ, ಬೆಳಗಿನಿಂದ ಎರಡೇ ಗುಟುಕು ಕುಡಿದಿದ್ದಾಳೆ. ಯಾಕೆ ಅಂದರೆ ತಲೆ ಬಗ್ಗಿಸಿದಳು. ಒಂದಕ್ಕೆ ಹೋಗಲು ಜಾಗ ಸಿಗುವುದಿಲ್ಲ ಅಂತ. ಗಂಡಸರ ತಂಡಗಳಿಗೆ ಈ ಯೋಚನೆಯೇ ಇಲ್ಲ, ಹೆಂಗಸರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀರು ಬಿಟ್ಟು ನಡೆಯುತ್ತಾರೆ. ದಾರಿಯುದ್ದಕ್ಕೂ ಪುಣ್ಯಾತ್ಮರು ಅರವಟ್ಟಿಗೆ ಇಟ್ಟು ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು ಕೈಗೆ ಕೊಡುತ್ತಾರೆ. ಕುಡಿಯಲು ಹೆದರುವ ಹೆಂಗಸರಿಗೆ ಅದರಿಂದೇನು ಬಂತು? ಈ ಸಲ ಮೊದಲ ಕೆಲಸವಾಗಿ ಅದನ್ನು ಸರಿಮಾಡಿದ್ದೇನೆ. ನಾಲ್ಕು ಬಿದಿರ ಗಳ, ಎರಡು ಹಳೆಯ ಸೀರೆ, ಒಂದು ಬಕೆಟ್, ಒಂದು ಗುದ್ದಲಿ ಗಾಡಿಯಲ್ಲಿರುತ್ತದೆ. ಐದು ಕಿಲೋಮೀಟರಿಗೊಮ್ಮೆ ಗಾಡಿ ಮುಂದೆ ಹೋಗಿ ಮರೆಯ ಜಾಗ ನೋಡಿ ಸೀರೆ ಕಟ್ಟಿ ಕಾಯುತ್ತದೆ. ಪೆಟ್ರೋಲ್ ಬಂಕ್ ಇರುವ ಕಡೆ ಮೊದಲೇ ಕೇಳಿಟ್ಟುಕೊಳ್ಳುತ್ತೇವೆ. ಮುಟ್ಟು ನಿಂತಿಲ್ಲದವರು ನಮ್ಮಲ್ಲಿ ಮೂವರಿದ್ದಾರೆ, ಅವರಿಗೆ ಬೇಕಾದ್ದೆಲ್ಲ ಒಂದು ಡಬ್ಬಿಯಲ್ಲಿದೆ, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಮುಟ್ಟಾದವರು ನಡೆಯಬಾರದು ಅಂತ ಯಾರಾದರೂ ಅಂದರೆ ಉತ್ತರ ನಾನು ಹೇಳುತ್ತೇನೆ. ಗುಡಿ ಒಳಗೆ ಹೋಗುವುದು ಬಿಡುವುದು ಅವರವರಿಗೆ ಬಿಟ್ಟದ್ದು, ರಸ್ತೆ ಎಲ್ಲರದು.

ತಿನ್ನಲು ಹುರಿಹಿಟ್ಟು, ಆಲೆಮನೆಯಿಂದ ತಂದ ಅಚ್ಚುಬೆಲ್ಲ, ಹುರಿದ ಕಡ್ಲೆಕಾಯಿ, ಸಂಕ್ರಾಂತಿಯಿಂದ ತೆಗೆದಿಟ್ಟ ಎಳ್ಳುಬೆಲ್ಲ ಇದೆ. ಬಾಟಲಿ ನೀರಿಗೆ ಚಿಟಿಕೆ ಉಪ್ಪು, ಬೆಲ್ಲ, ನಿಂಬೆಹುಳಿ. ಇದರ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ.

ರಾತ್ರಿ ನಡಿಗೆ ಈ ಸಲ ಇಲ್ಲ. ಬಯಲುಸೀಮೆಯಲ್ಲಿ ಬೆಳಗಿನ ಜಾವ ಮೂರಕ್ಕೆಲ್ಲ ಎದ್ದು ತಂಪಿನಲ್ಲಿ ನಡೆದೆವು. ಆದರೆ ಬೇಲೂರು ದಾಟಿದರೆ ಮೂಡಿಗೆರೆ ತನಕ ಆನೆ ಓಡಾಡುವ ಸೀಮೆ, ಕಾಫಿ ತೋಟದ ಒಳಗಿಂದ ಯಾವಾಗ ರಸ್ತೆಗೆ ಬರುತ್ತವೋ ಹೇಳಲಾಗದು. ಘಾಟಿಯಲ್ಲೂ ಅವುಗಳ ಓಡಾಟವಿದೆ. ಅದೂ ಅಲ್ಲದೆ ಶಿವರಾತ್ರಿ ಬರುವುದು ಅಮಾವಾಸ್ಯೆಯ ಮಗ್ಗುಲಲ್ಲಿ, ಆ ವಾರ ಪೂರ್ತಿ ಸಂಜೆಗೆ ಬೆಳದಿಂಗಳಿರುವುದಿಲ್ಲ. ಹಾಗಾಗಿ ಬೆಳಕು ಹರಿದ ಮೇಲೆ ಹೊರಟು ಹತ್ತೂವರೆಗೆ ನಿಲ್ಲುವುದು, ಮೂರೂವರೆಗೆ ಎದ್ದು ಹೊತ್ತು ಮುಳುಗುವ ಮೊದಲು ತಂಗುವ ಜಾಗ ಸೇರುವುದು. ಆನೆಗಿಂತ ನನಗೆ ಹೆಚ್ಚು ಭಯ ಗಾಡಿಗಳದು. ಹೋದ ವರ್ಷ ಒಂದು ಲಾರಿ ನಮ್ಮನ್ನು ಸವರಿಕೊಂಡೇ ಹೋಯಿತು, ಅದರ ಗಾಳಿಗೆ ನನ್ನ ಸೆರಗು ಹಾರಿ ಮುಖಕ್ಕೆ ಬಡಿಯಿತು. ರಸ್ತೆಯ ಬಲಗಡೆ ಎದುರು ಬರುವ ಗಾಡಿ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು, ಫೋನ್ ಹಿಡಿಯದೆ ನಡೆಯಬೇಕು. ಎಲ್ಲರ ಬ್ಯಾಗಿಗೂ ಹೊಳೆಯುವ ಪಟ್ಟಿ ಹೊಲಿದಿದ್ದೇನೆ. ಸಾಲಿನ ಮುಂದೆ ಯಾವಾಗಲೂ ಎಲ್ಲರಿಗಿಂತ ನಿಧಾನ ನಡೆಯುವವರು. ಅವರ ಹೆಜ್ಜೆಯೇ ತಂಡದ ಹೆಜ್ಜೆ. ಈ ಸಲ ಅದು ನೀನಾದರೆ ನೀನು ಮುಂದೆ. ಹಿಂದೆ ಬೀಳುತ್ತೇನೆ ಅನ್ನುವ ನಿನ್ನ ಹೆದರಿಕೆಗೆ ಇಲ್ಲಿ ಜಾಗವೇ ಇಲ್ಲ ಕಣೇ.

ನಿನಗೆ ಕಷ್ಟವಾಗುವುದು ಇಳಿಜಾರು. ಕೊಟ್ಟಿಗೆಹಾರದ ತನಕ ಏರಿದ್ದೆಲ್ಲವನ್ನೂ ಚಾರ್ಮಾಡಿಯಲ್ಲಿ ಒಂದೇ ದಿನ ಇಳಿಯಬೇಕು. ಹತ್ತುವಾಗ ಉಸಿರು ಕಟ್ಟುತ್ತದೆ, ನಿಂತರೆ ಬಿಡುತ್ತದೆ. ಇಳಿಯುವಾಗ ಮಂಡಿ ಹಿಡಿದರೆ ನಿಂತರೂ ಬಿಡುವುದಿಲ್ಲ. ಹೆಬ್ಬೆರಳಿನ ಉಗುರು ಶೂಗೆ ಒತ್ತಿ ಕಪ್ಪಗಾಗುತ್ತದೆ. ಹೊರಡುವ ಮೂರು ದಿನ ಮೊದಲು ಉಗುರು ತೆಗೆ, ಇಳಿಯುವಾಗ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟು, ಹೆಜ್ಜೆ ಸಣ್ಣದಿಡು. ಇದಕ್ಕೆ ಮೈಸೂರಿನಲ್ಲಿ ನಿನಗಿರುವಷ್ಟು ಅನುಕೂಲ ನಮ್ಮೂರ ಕೆರೆ ಏರಿಯ ಮೇಲೆ ನಡೆಯುವ ನನಗಿಲ್ಲ. ಎಲ್ಲರೂ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತಿ ಬಸ್ಸಲ್ಲಿ ಇಳಿಯುತ್ತಾರೆ. ನೀನು ಬಸ್ಸಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿ. ಸಾವಿರ ಮೆಟ್ಟಿಲು, ಕೈಯಲ್ಲಿ ಒಂದು ಕೋಲು, ನಂದಿಯ ಹತ್ತಿರ ಕೂತು ಸುಧಾರಿಸಿಕೋ. ಈ ವಾರ ಒಂದು ದಿನ, ಮುಂದಿನ ವಾರ ಎರಡು ದಿನ ಸಾಕು. ಉಳಿದ ದಿನ ಕುಕ್ಕರಹಳ್ಳಿ ಕೆರೆ ಸುತ್ತು, ದಿನದಿನಕ್ಕೆ ಸ್ವಲ್ಪ ಹೆಚ್ಚಿಸುತ್ತಾ ಹೋಗು. ಕಡೆಯ ನಾಲ್ಕು ದಿನ ಏನೂ ಮಾಡಬೇಡ, ಕಾಲಿಗೆ ವಿಶ್ರಾಂತಿ ಕೊಡು. ನಿನ್ನ ಬಿಪಿ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳು, ಆರು ದಿನ ನಡೆಯುತ್ತೇನೆ ಅಂತ ಸ್ಪಷ್ಟವಾಗಿ ಹೇಳಿ ಕೇಳು.

ಚಾರ್ಮಾಡಿ ಅಂದರೆ ನಿನಗೆ 2019ರ ಆಗಸ್ಟ್ ನೆನಪಾಗುತ್ತದೆ, ಗುಡ್ಡ ಕುಸಿದು ದಾರಿಯೇ ಬಂದ್ ಆಗಿತ್ತಲ್ಲ. ಅದು ಮಳೆಗಾಲದ ಮಾತು. ಫೆಬ್ರವರಿಯಲ್ಲಿ ಗುಡ್ಡ ಒಣಗಿರುತ್ತದೆ. ಮಲಯಮಾರುತದ ಹತ್ತಿರ ಬೆಳಗಿನ ಗಾಳಿಗೆ ಸ್ವೆಟರ್ ಬೇಕು, ಕೆಳಗೆ ಚಾರ್ಮಾಡಿ ಊರಿಗಿಳಿಯುವಷ್ಟರಲ್ಲಿ ಕರಾವಳಿಯ ಸೆಕೆ ಹತ್ತಿ ರವಿಕೆಯೆಲ್ಲ ಒದ್ದೆಯಾಗಿರುತ್ತದೆ. ಒಂದೇ ದಿನದಲ್ಲಿ ಎರಡು ಋತು ದಾಟುತ್ತೇವೆ. ನಡುವೆ ಅಣ್ಣಪ್ಪಸ್ವಾಮಿಯ ಗುಡಿ ಇದೆ, ಘಾಟಿಯಲ್ಲಿ ಹೋಗುವ ಬಸ್ಸು ಲಾರಿಯವರು ನಿಲ್ಲಿಸಿ ಕೈಮುಗಿದು ಹೋಗುವ ಜಾಗ. ಅಲ್ಲಿ ಕಾಯಿ ಒಡೆಯುವ ಕೆಲಸ ನಿನಗೆ. ಹಿಂದಿನ ಸಂಜೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿಸುತ್ತೇನೆ. ತೇಜಸ್ವಿಯವರ ಪ್ರತಿಷ್ಠಾನ ಇರುವುದೂ ಆ ಊರಿನಲ್ಲೇ. ‘ಕರ್ವಾಲೊ’ ಓದಿ ನೀನು ನನಗೆ ರಾತ್ರಿಯೆಲ್ಲ ಕಥೆ ಹೇಳಿದ್ದು ಮರೆತಿಲ್ಲ, ಅವರು ತಿರುಗಾಡಿದ ಕಾಡಿನ ಅಂಚಿನಲ್ಲಿ ನೀನು ನಡೆಯುವುದನ್ನು ನೋಡಬೇಕು ನಾನು.

ಇನ್ನು ಅವ್ವನ ವಿಷಯ. ಮೊದಲ ವರ್ಷ ಅವಳೂ ಹೊರಟಳು ಅಂತ ನಿನಗೆ ಗೊತ್ತು, ಕಿಕ್ಕೇರಿಯಲ್ಲಿ ಏನಾಯಿತು ಅಂತ ಗೊತ್ತಿಲ್ಲ. ಎಪ್ಪತ್ತಾರು ವರ್ಷಕ್ಕೆ, ಬರಿಗಾಲಲ್ಲಿ, ಪೇಟೆ ದಾಟಿ ಕಿಕ್ಕೇರಿಯ ತನಕ ನಡೆದಳು. ಅಲ್ಲಿ ಒಂದು ಅರಳಿಕಟ್ಟೆಯ ಮೇಲೆ ಕೂತವಳು ಏಳಲಿಲ್ಲ. ನೋವು ಅನ್ನಲಿಲ್ಲ, ಅಳಲಿಲ್ಲ. ಎರಡೂ ಅಂಗಾಲನ್ನು ಕೈಯಲ್ಲಿ ಒರೆಸಿಕೊಂಡು, ‘ನನ್ ಪಾಲು ಇಲ್ಲೀಗಂಟ ಕಣವ್ವ. ಇಲ್ಲಿಂದಾಚ್ಗೆ ನಿಂದು. ಬೇಲೂರಿಂದಾಚ್ಗೆ ಚಿಕ್ಕೋಳ್ದು’ ಅಂದಳು. ಆಗಿನ್ನೂ ಎರಡನೆಯ ವರ್ಷದ ಕಂತು ಎಲ್ಲಿ ಮುರಿಯುತ್ತದೆ ಅಂತ ನಾವೇ ಗೊತ್ತುಮಾಡಿರಲಿಲ್ಲ. ಅವಳು ಮಾಡಿದ್ದಳು.

ಪಾಲು ಅನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ಆ ದಿನ ನೆನಪಾಯಿತು. ನಿನಗೂ ಈಗ ನೆನಪಾಗಿರುತ್ತದೆ. ತವರಿನ ಗದ್ದೆಯ ಹಕ್ಕು ಬಿಡುಗಡೆಗೆ ಸಹಿ ಹಾಕಲು ಇಬ್ಬರೂ ಹೋಗಿದ್ದೆವಲ್ಲ. ನೀನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ‘ಹಾಕೇ ಪುಟ್ಟಿ, ತವರು ಉಳಿಯುತ್ತೆ’ ಅಂದವಳು ನಾನು. ಅಣ್ಣನಲ್ಲ, ಅತ್ತಿಗೆಯಲ್ಲ, ನಾನು. ನಾನು ಇದೇ ಊರಿನಲ್ಲೇ ಸೊಸೆಯಾದವಳು, ಆ ಗದ್ದೆಯ ಬದುವಿನ ಮೇಲೆ ದಿನಾ ಓಡಾಡುತ್ತೇನೆ, ಕೊಟ್ಟರೂ ಅದು ಕಣ್ಣೆದುರಿಗಿದೆ. ನಿನಗೆ ಹಾಗಲ್ಲ, ಕಾಗದ ಕೈಬಿಟ್ಟ ಗಳಿಗೆಯೇ ಊರೂ ಕೈಬಿಟ್ಟಿತು ಅನ್ನುವುದು ಆವತ್ತು ನನಗೆ ಹೊಳೆಯಲಿಲ್ಲ. ಅದಾದ ಮೇಲೆ ನೀನು ಹಬ್ಬಕ್ಕೆ ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತೀಯ. ಆರು ವರ್ಷದಿಂದ ಈ ಊರಲ್ಲಿ ಒಂದು ರಾತ್ರಿ ಮಲಗಿಲ್ಲ. ನಾನು ಲೆಕ್ಕ ಇಟ್ಟಿದ್ದೇನೆ. ಆವತ್ತು ಹಾಗೆ ಹೇಳಬಾರದಿತ್ತು ಪುಟ್ಟಿ. ತಪ್ಪಾಯಿತು. ಇದನ್ನು ಎದುರಿಗೆ ಕೂತು ಹೇಳಲು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಬಸ್ಸು ಬಂತು.

ಅವ್ವನ ಮುಡಿಪು ನಿನ್ನದೇ ಹೆಸರಿನದು. 1981ರಲ್ಲಿ ನಿನಗೆ ಮೂರು ವರ್ಷ, ಜ್ವರ ನೆತ್ತಿಗೇರಿ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಆಗ ಕಟ್ಟಿದ್ದು. ಮಗು ಉಳಿದರೆ ಕರೆದುಕೊಂಡು ನಡೆದೇ ಬರುತ್ತೇನೆ ಅಂತ ಒಂದೂಕಾಲು ರೂಪಾಯಿ ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿದಳು. ಆಮೇಲೆ ಅವಳು ಎಷ್ಟೋ ಸಲ ಬಸ್ಸಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದಿದ್ದಾಳೆ, ಮುಡಿಪನ್ನು ಮಾತ್ರ ಒಯ್ದಿಲ್ಲ. ನಡೆದು ತರುತ್ತೇನೆ ಅಂದದ್ದನ್ನು ಬಸ್ಸಲ್ಲಿ ತರಬಾರದು ಅಂತ. ಹೋದ ವಾರ ದೇವರ ಗೂಡಿನಿಂದ ತೆಗೆಸಿ ನೋಡಿದೆ. ಬಟ್ಟೆ ಹೊಗೆ ಹಿಡಿದು ಕಪ್ಪಾಗಿದೆ, ಗಂಟು ಕಲ್ಲಿನಂತಾಗಿದೆ. ಒಳಗಿನ ನಾಲ್ಕಾಣೆ 2011ರಿಂದಲೇ ಚಲಾವಣೆಯಲ್ಲಿಲ್ಲ, ಬದಲಾಯಿಸಿ ಹೊಸ ಕಾಸು ಕಟ್ಟೋಣವೇ ಅಂತ ಕೇಳಿದೆ. ಅವ್ವ ನನ್ನ ಕೈಯಿಂದ ಗಂಟು ಇಸಕೊಂಡಳು. ‘ಅಂಗಡೀಲಿ ನಡೀದಿದ್ರೆ ಬುಡು, ಅವ್ನ್ ತಾವ ನಡೀತದೆ’ ಅಂದಳು.

ಬೆಳಗೊಳದ ಬೆಟ್ಟದ ಮೇಲೆ 58 ಅಡಿಯ ಗೊಮ್ಮಟ, ಧರ್ಮಸ್ಥಳದ ಗುಡ್ಡದಲ್ಲಿ 39 ಅಡಿಯ ಬಾಹುಬಲಿ. ನಮ್ಮ ದಾರಿಯ ಈ ತುದಿಗೊಬ್ಬ ಆ ತುದಿಗೊಬ್ಬ ನಿಂತಿದ್ದಾರೆ, ಒಬ್ಬನನ್ನು ನಾನು ನೋಡಿ ಬಂದೆ. ಇನ್ನೊಬ್ಬನ ಹತ್ತಿರಕ್ಕೆ ನಿನ್ನ ಜೊತೆ ಹೋಗಬೇಕು.

ಫೆಬ್ರವರಿ 8, ಭಾನುವಾರ ಸಂಜೆಯ ಬಸ್ಸಿಗೆ ಬಾ. ಪೇಟೆಗೆ ನಿನ್ನ ಭಾವ ಗಾಡಿ ತರುತ್ತಾರೆ. ಹಿದುಕಿದ ಅವರೆಬೇಳೆ ಸಾರು, ಮುದ್ದೆ ಮಾಡಿರುತ್ತೇನೆ. ನಡುಮನೆಯಲ್ಲಿ ಅವ್ವನ ಪಕ್ಕ ನಿನ್ನ ಹಾಸಿಗೆ, ಆಚೆ ಕಡೆ ನನ್ನದು. ಸೋಮವಾರ ಬೆಳಿಗ್ಗೆ ಮುಡಿಪಿನ ಹಳೆ ಬಟ್ಟೆಯ ಮೇಲೆ ಹೊಸ ಬಟ್ಟೆ ಸುತ್ತಿ ಅವ್ವ ಅದನ್ನು ನಿನ್ನ ಸೊಂಟಕ್ಕೆ ಕಟ್ಟುತ್ತಾಳೆ. ಆ ಹೊಸ ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ ಒಣಹಾಕಿದ್ದಾಳೆ, ಇದನ್ನು ಬರೆಯುತ್ತಿರುವಾಗ ತಂತಿಯ ಮೇಲೆ ಕಾಣುತ್ತಿದೆ.

ಬರುವಾಗ ಶೂ ಬ್ಯಾಗಿನಲ್ಲಿಟ್ಟುಕೊಂಡು ಬರಬೇಡ. ಹಾಕಿಕೊಂಡೇ ಬಾ.

ನಿನ್ನ
ಅಕ್ಕ